ಹೆಂಡತಿ ಇದ್ದಾಗ ಓಡದ ಸೈಕಲ್ಲು

"ಇನ್ನು ಇಪ್ಪತ್ತೊಂದೇ ದಿನ! ಇಪ್ಪತ್ತೆರಡನೇ ದಿನ ಆ ಗುಡ್ಡ ನನ್ನ ಕಾಲಿಗೆ ಬಿದ್ದಿರುತ್ತೆ, ನೋಡ್ತಾ ಇರು!" ಎಂದು ಭೌತಶಾಸ್ತ್ರದ ಮೇಷ್ಟ್ರು ಊಟದ ಮೇಜನ್ನು ಗುದ್ದಿ ಘೋಷಿಸಿದರು. ಗುದ್ದಿದ ರಭಸಕ್ಕೆ ಗುಡ್ಡವೇನೂ ಅಲ್ಲಾಡಲಿಲ್ಲ. ಕಾಫಿ ಲೋಟ ಅಲ್ಲಾಡಿ, ಹೊಸ ಮೇಜುಬಟ್ಟೆಯ ಮೇಲೆ ಕಂದು ಬಣ್ಣದ ಒಂದು ಸಣ್ಣ ಕೆರೆ ನಿಂತಿತು.

ಹೆಂಡತಿ ಮೊದಲು ಕೆರೆಯನ್ನು ನೋಡಿದಳು, ಆಮೇಲೆ ಗಂಡನನ್ನು. "ಗುಡ್ಡ ಬೀಳೋದು ಆಮೇಲೆ ನೋಡೋಣ. ಮೊದಲು ಇದನ್ನ ಒರೆಸಿ."

"ಇತಿಹಾಸ ಬದಲಾಗೋ ಹೊತ್ತಲ್ಲಿ ನಿನಗೆ ಮೇಜುಬಟ್ಟೆ ಚಿಂತೆ!"

"ಇತಿಹಾಸಕ್ಕೆ ಕಾಫಿ ಕಲೆ ಅಂಟಲ್ಲ ರೀ. ಬಟ್ಟೆಗೆ ಅಂಟುತ್ತೆ."

ಮೇಷ್ಟ್ರು ಒರೆಸಿದರು. ಆದರೆ ಒರೆಸುವಾಗಲೂ ಅವರ ದೃಷ್ಟಿ ಕಿಟಕಿಯಾಚೆಯ ಗುಡ್ಡದ ಮೇಲೇ ಇತ್ತು.

ಆ ಗುಡ್ಡಕ್ಕೂ ಮೇಷ್ಟ್ರಿಗೂ ಹಳೆಯ ಹಗೆ. ಮನೆ ಇರುವುದು ಗುಡ್ಡದ ಬುಡದಲ್ಲಿ, ಶಾಲೆ ಇರುವುದು ನೆತ್ತಿಯಲ್ಲಿ, ನಡುವೆ ಮೂರು ತಿರುವಿನ ಕಡಿದಾದ ರಸ್ತೆ. ಮೇಷ್ಟ್ರ ಹತ್ತಿರ ದಪ್ಪ ಟೈರಿನ ಒಂದು ಮೌಂಟನ್ ಬೈಕು ಇತ್ತು. ಹೆಸರಿಗೆ ಅದು ಬೆಟ್ಟ ಹತ್ತುವ ಸೈಕಲ್ಲು. ಆದರೆ ಕಳೆದ ಆರು ವರ್ಷದಲ್ಲಿ ಮೇಷ್ಟ್ರು ಅದನ್ನು ಗುಡ್ಡ ಹತ್ತಿಸಿದ್ದಾರೆಯೇ ಹೊರತು ಅದು ಒಂದು ದಿನವೂ ಮೇಷ್ಟ್ರನ್ನು ಹತ್ತಿಸಿದ್ದಿಲ್ಲ! ದಿನವೂ ಎರಡನೇ ತಿರುವಿನಲ್ಲಿ ಅವರು ಇಳಿದು, ಏದುಸಿರು ಬಿಡುತ್ತಾ ತಳ್ಳುತ್ತಿರುವಾಗ ಶಾಲೆಯ ಡ್ರಿಲ್ ಮೇಷ್ಟ್ರು ಗೇರೂ ಇಲ್ಲದ ತನ್ನ ಹಳೇ ಸೈಕಲ್ಲಿನಲ್ಲಿ ಸಿಳ್ಳೆ ಹಾಕುತ್ತಾ ಪಕ್ಕದಲ್ಲಿ ಹಾದುಹೋಗುತ್ತಿದ್ದ.

"ಏನ್ ಸಾರ್, ಸೈಕಲ್ಲನ್ನ ವಾಕಿಂಗ್ ಕರ್ಕೊಂಡು ಹೊರಟ್ರಾ?"

ಈ ಒಂದು ಪ್ರಶ್ನೆಯನ್ನು ಆರು ವರ್ಷ ನುಂಗಿದ ಹೊಟ್ಟೆಯಿಂದ ಹುಟ್ಟಿದ್ದೇ ಮೇಷ್ಟ್ರ ಮಹಾಸಂಕಲ್ಪ. ಸೈಕಲ್ಲಿಗೆ ಮೋಟಾರು ಕೂಡಿಸುವುದು! ತಾವೇ, ತಮ್ಮ ಕೈಯಾರೆ, ತಮ್ಮ ಮನೆಯಲ್ಲೇ!

ಆರ್ಡರ್ ಮಾಡಿದ ನಾಲ್ಕು ದಿನದಲ್ಲಿ ಪಾರ್ಸೆಲ್ಲು ಬಂತು. ಹೊಟ್ಟೆಯಲ್ಲಿ ಮೋಟಾರು ಇಟ್ಟುಕೊಂಡ ಮುಂದಿನ ಚಕ್ರ, ಇಟ್ಟಿಗೆಯಷ್ಟು ದೊಡ್ಡ ಬ್ಯಾಟರಿ, ಕಂಟ್ರೋಲರ್ ಎಂಬ ತಗಡಿನ ಡಬ್ಬಿ, ಒಂದು ಎಕ್ಸಲೇಟರ್ ಹಿಡಿ, ಎರಡು ಬ್ರೇಕ್ ಹಿಡಿ, ಬಣ್ಣಬಣ್ಣದ ವೈರುಗಳ ಒಂದು ದೊಡ್ಡ ಗೋಜಲು. ಎಲ್ಲವೂ ಊಟದ ಮೇಜನ್ನು ಆಕ್ರಮಿಸಿದವು. ಕೊನೆಯಲ್ಲಿ ಪೆಟ್ಟಿಗೆಯ ತಳದಿಂದ ಒಂದು ಪುಟ್ಟ ಕೈಪಿಡಿ ಹೊರಬಿತ್ತು.

"ಹದಿನೆಂಟು ವರ್ಷ ಭೌತಶಾಸ್ತ್ರ ಕಲಿಸಿದವನಿಗೆ ಕೈಪಿಡಿಯಾ!" ಎಂದು ಮೇಷ್ಟ್ರು ನಕ್ಕರು. ಊಟದ ಮೇಜಿನ ಒಂದು ಕಾಲು ಕುಂಟುತ್ತಿತ್ತು. ಕೈಪಿಡಿಯನ್ನು ನಾಲ್ಕು ಮಡಿಕೆ ಮಾಡಿ ಆ ಕಾಲಿನ ಕೆಳಗೆ ಕೊಟ್ಟರು. ಮೇಜು ನೆಟ್ಟಗೆ ನಿಂತಿತು. ಆ ಪುಸ್ತಕದಿಂದ ತಮಗೆ ಆಗಬಹುದಾದ ಉಪಕಾರವೆಲ್ಲ ಆಗಿಹೋಯಿತೆಂದು ಅವರು ಭಾವಿಸಿದರು.

ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಆಕೆ ಆಸ್ಪತ್ರೆಯ ಎಂಆರ್‌ಐ ಸ್ಕ್ಯಾನ್ ವಿಭಾಗದಲ್ಲಿ ಟೆಕ್ನಿಶಿಯನ್. ಒಂಬತ್ತು ವರ್ಷದಿಂದ ಮನೆ ಗಾತ್ರದ ಒಂದು ಯಂತ್ರವನ್ನು ನೋಡಿಕೊಳ್ಳುವುದು, ಒಳಗೆ ಬರುವವರನ್ನೆಲ್ಲ ಬಾಗಿಲಲ್ಲೇ ತಡೆದು "ಉಂಗುರ ತೆಗೀರಿ, ಬೀಗದ ಕೈ ಹೊರಗಿಡಿ, ಮೈಮೇಲೆ ಲೋಹ, ಮ್ಯಾಗ್ನೆಟ್ ಏನಾದ್ರೂ ಇದೆಯಾ?" ಎಂದು ಕೇಳುವುದು ಆಕೆಯ ಕೆಲಸ. ಮೇಷ್ಟ್ರ ಪ್ರಕಾರ ಅದು ವಿಜ್ಞಾನವಲ್ಲ, ಗುಂಡಿ ಒತ್ತುವ ಕೆಲಸ. ಹಾಗಾಗಿ ಅವರು ಆಕೆಗೆ ಬಹಳ ಸರಳವಾಗಿ, ಮಗ್ಗಿ ಹೇಳಿಕೊಡುವ ದನಿಯಲ್ಲಿ ವಿವರಿಸಿದರು.

"ನೋಡು, ಇದು ಬ್ರೇಕ್ ಹಿಡಿ. ಬ್ರೇಕ್ ಹಿಡಿದಾಗ ಮೋಟಾರು ತಾನಾಗೇ ನಿಲ್ಲಬೇಕಲ್ಲ? ಅದಕ್ಕೆ ಇದರೊಳಗೆ ಒಂದು ಚಿಕ್ಕ ಅಯಸ್ಕಾಂತ ಇಟ್ಟಿದ್ದಾರೆ. ಹಿಡಿ ಒತ್ತಿದ್ರೆ ಅದು ಈ ಕಪ್ಪು ತುಂಡಿನ ಹತ್ತಿರ ಬರುತ್ತೆ. ಬಂದ ತಕ್ಷಣ ಮೋಟಾರು ಬಂದ್!"

"ಅಂದ್ರೆ ಮ್ಯಾಗ್ನೆಟ್ ಹತ್ತಿರ ಬಂದ್ರೆ ಗಾಡಿ ನಿಲ್ಲುತ್ತೆ."

"ಭೇಷ್! ನಿನಗೂ ಅರ್ಥ ಆಯ್ತು ನೋಡು! ನಾನು ಕಲಿಸಿದ್ರೆ ಹಾಗೇ."

ಹೆಂಡತಿ ತಲೆ ತಗ್ಗಿಸಿ, ಮೇಜಿನ ಮೇಲೆ ಬಿದ್ದಿದ್ದ ಪೆಟ್ಟಿಗೆಯ ಚೂರುಗಳನ್ನು ಆರಿಸತೊಡಗಿದಳು. ತಗ್ಗಿದ ಆ ತಲೆಯನ್ನು ಮೇಷ್ಟ್ರು ಗೌರವವೆಂದು ತಿಳಿದರು.

ಜೋಡಣೆ ಶುರುವಾಯಿತು. ಹಸಿರು ವೈರಿಗೆ ಹಸಿರು, ಹಳದಿಗೆ ಹಳದಿ, ನೀಲಿಗೆ ನೀಲಿ. ಇದಕ್ಕಿಂತ ನ್ಯಾಯವಾದ ಸಂಬಂಧ ಲೋಕದಲ್ಲಿ ಉಂಟೇ! ಬ್ಯಾಟರಿಯನ್ನು ಸೈಕಲ್ಲಿಗೆ ಬಿಗಿಯಲು ಪಟ್ಟಿ ಸಿಗದೆ, ತಮ್ಮ ಶಾಲೆಯ ಚೀಲದ ಎರಡೂ ಹೆಗಲಪಟ್ಟಿಗಳನ್ನು ಕತ್ತರಿಸಿ ಕಟ್ಟಿದರು. ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಪ್ರಥಮ ಪ್ರಯೋಗ. ಮೇಷ್ಟ್ರು ಹೆಲ್ಮೆಟ್ ಧರಿಸಿ, ಸೀಟಿನ ಮೇಲೆ ಕೂತು, ದೂರದ ಗುಡ್ಡವನ್ನು ಒಮ್ಮೆ ಕೆಕ್ಕರಿಸಿ ನೋಡಿ, ಎಕ್ಸಲೇಟರ್ ತಿರುವಿದರು.

ಗಾಡಿ ಓಡಿತು. ಹಿಂದಕ್ಕೆ!

ಮೇಷ್ಟ್ರು ಮುಂದೆ ನೋಡುತ್ತಾ ಹಿಂದೆ ಹೋದರು. ಒಣಹಾಕಿದ್ದ ಹೊದಿಕೆಯೊಂದನ್ನು ತಲೆಯ ಮೇಲೆ ಹೊದ್ದುಕೊಂಡು, ನೀರು ತುಂಬಿದ ಟಬ್ಬಿನಲ್ಲಿ ಹಿಂಚಕ್ರವನ್ನೂ ತಮ್ಮ ಹಿಂಭಾಗವನ್ನೂ ಒಟ್ಟಿಗೆ ಮುಳುಗಿಸಿ ನಿಂತರು.

"ಇಪ್ಪತ್ತೊಂದು ದಿನ ಅಂದಿದ್ರಿ. ಹೀಗೇ ಹಿಂದಕ್ಕೆ ಹೋದ್ರೆ ಹೋದ ತಿಂಗಳೇ ಮುಟ್ತೀರಿ ಬಿಡಿ" ಎಂದಳು ಹೆಂಡತಿ, ಹೊದಿಕೆಯನ್ನು ಅವರ ತಲೆಯಿಂದ ಬಿಡಿಸುತ್ತಾ.

ವೈರುಗಳ ಬಣ್ಣಕ್ಕೂ ಅವುಗಳ ಗುಣಕ್ಕೂ ಸಂಬಂಧವಿಲ್ಲ ಎಂಬ ಸತ್ಯ ಮೇಷ್ಟ್ರಿಗೆ ಎರಡು ದಿನದ ಮೇಲೆ ಹೊಳೆಯಿತು. ಎರಡನ್ನು ಅದಲುಬದಲು ಮಾಡಿದರು. ಮಂಗಳವಾರ ಸಂಜೆ, ಹೆಂಡತಿ ಡ್ಯೂಟಿಯಿಂದ ಇನ್ನೂ ಬಂದಿರಲಿಲ್ಲ, ಗಾಡಿಯನ್ನು ಓಣಿಗೆ ಇಳಿಸಿ ತಿರುವಿದರೆ... ಆಹಾ! ಬಾಣ! ಪೆಡಲು ತುಳಿಯುವುದೇ ಬೇಡ, ಕಾಲುಗಳಿಗೆ ಪಿಂಚಣಿ ಕೊಟ್ಟು ಕೂರಿಸಬಹುದು. ಓಣಿಯ ಈ ತುದಿಯಿಂದ ಆ ತುದಿಗೆ ಏಳು ಸಲ ಓಡಿಸಿದರು. ಎಂಟನೇ ಸಲ ಓಡಿಸುವಾಗ ಎದುರುಮನೆಯವರು ಬಾಗಿಲು ಹಾಕಿಕೊಂಡರು, ನೋಡಿ ನೋಡಿ ಅವರಿಗೆ ಸುಸ್ತಾಗಿತ್ತು.

ಮರುದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಹೆಡ್‌ಮೇಡಂ ಚಿಂತೆಯಲ್ಲಿದ್ದರು. ಮೇಷ್ಟ್ರ ಇಪ್ಪತ್ತೆರಡನೇ ದಿನಕ್ಕೇ ಗೊತ್ತಾಗಿದ್ದ ವಿಜ್ಞಾನ ಪ್ರದರ್ಶನದ ಉದ್ಘಾಟನೆಗೆ ಒಪ್ಪಿದ್ದ ಅತಿಥಿಗಳು ಕೈಕೊಟ್ಟಿದ್ದರು.

"ಅತಿಥಿ ಯಾಕೆ ಮೇಡಂ? ನಾನಿದ್ದೀನಿ!" ಎಂದು ಮೇಷ್ಟ್ರು ಎದೆ ತಟ್ಟಿಕೊಂಡರು. "ನಾನೇ ತಯಾರಿಸಿದ ವಿದ್ಯುತ್ ಸೈಕಲ್ಲಿನಲ್ಲಿ ಗುಡ್ಡದ ಬುಡದಿಂದ ಹತ್ತಿ ಬರ್ತೀನಿ. ಗೇಟಿಗೆ ರಿಬ್ಬನ್ ಕಟ್ಟಿ. ಮುಂದಿನ ಚಕ್ರದಿಂದಲೇ ಉದ್ಘಾಟನೆ! ಇಡೀ ಶಾಲೆ ನಿಂತು ನೋಡಲಿ!"

"ತಳ್ಳಿಕೊಂಡು ಬಂದ್ರೂ ರಿಬ್ಬನ್ ಹರಿಯುತ್ತೆ ಸಾರ್" ಎಂದ ಡ್ರಿಲ್ ಮೇಷ್ಟ್ರು, ಪೇಪರಿನಿಂದ ತಲೆ ಎತ್ತದೆ.

"ಒಂದೇ ಒಂದು ಸಲ ನಾನು ಕಾಲು ನೆಲಕ್ಕೆ ಊರಿದರೆ ವರ್ಷವಿಡೀ ಬೆಳಗಿನ ಡ್ರಿಲ್ಲಿಗೆ ಮಕ್ಕಳ ಜೊತೆ ನಿಲ್ತೀನಿ! ಚಡ್ಡಿ ಹಾಕ್ಕೊಂಡು!"

ಹೆಡ್‌ಮೇಡಂ ಆ ಚಿತ್ರವನ್ನು ಮನಸ್ಸಿನಲ್ಲೇ ನೋಡಿ ಕೂಡಲೇ ಕಣ್ಣು ಮುಚ್ಚಿದರು. ಡ್ರಿಲ್ ಮೇಷ್ಟ್ರು ಮಾತ್ರ ತನ್ನ ಡೈರಿ ತೆಗೆದು, ತಾರೀಕು ಹಾಕಿ, ಬರೆದಿಟ್ಟುಕೊಂಡ.

ಇಲ್ಲಿಂದ ಶುರುವಾಯಿತು ಮೇಷ್ಟ್ರ ದುರ್ದೆಸೆ.

ಗುರುವಾರ ಬೆಳಿಗ್ಗೆ ಹೆಂಡತಿಗೆ ಗಾಡಿಯ ಪ್ರತಾಪ ತೋರಿಸಬೇಕೆಂದು, ಆಕೆಯನ್ನು ಬಸ್ ಸ್ಟಾಪಿನವರೆಗೆ ಬಿಟ್ಟುಬರುವ ನೆಪದಲ್ಲಿ ಹೊರಟರು. "ನೀನು ಪಕ್ಕದಲ್ಲಿ ನಡೆದು ಬಾ, ನಾನು ನಿಧಾನಕ್ಕೆ ಓಡಿಸ್ತೀನಿ. ನಿನ್ನ ಚೀಲ ಇಲ್ಲಿ ನೇತುಹಾಕು. ಹೆಂಡತಿ ಭಾರ ಹೊರೋದನ್ನ ನಾನು ನೋಡಲಾರೆ!"

ಆಕೆಯದು ಕೆಂಪು ಬಣ್ಣದ ಊಟದ ಚೀಲ. ಮದುವೆಯ ದಿನದ ನೆನಪಿಗೆ ಮೇಷ್ಟ್ರೇ ಕೊಡಿಸಿದ್ದು. ಮುಚ್ಚಳ ಬಿಟ್ಟರೆ ಸಾಕು, ಟಪ್ಪೆಂದು ತಾನೇ ಮುಚ್ಚಿಕೊಳ್ಳುವ ಚಂದದ ಚೀಲ. ಹೆಂಡತಿ ಅದನ್ನು ಎಡಗಡೆಯ ಬ್ರೇಕಿನ ಬಳಿ ನೇತುಹಾಕಿದಳು. ಮೇಷ್ಟ್ರು ಎಕ್ಸಲೇಟರ್ ತಿರುವಿದರು.

ಗಾಡಿ ಮಿಸುಕಲಿಲ್ಲ.

ಇನ್ನೊಮ್ಮೆ ತಿರುವಿದರು. ಗದರಿಸಿದರು. ಬ್ಯಾಟರಿಯ ಬೆನ್ನು ತಟ್ಟಿದರು. ಉಹೂಂ! ಬ್ರೇಕ್ ಹಿಡಿಯ ಬಳಿ ಒಂದು ಪುಟ್ಟ ಕೆಂಪು ದೀಪ ಮಾತ್ರ ಉರಿಯುತ್ತಿತ್ತು. "ನೋಡು, ಕರೆಂಟು ಬರ್ತಿದೆ, ದೀಪ ಉರೀತಿದೆ. ಗಾಡಿ ಚೆನ್ನಾಗೇ ಇದೆ" ಎಂದು ಸಮಜಾಯಿಷಿ ಕೊಡುತ್ತಾ ಬಸ್ ಸ್ಟಾಪಿನವರೆಗೆ ತಳ್ಳಿದರು. ಹೆಂಡತಿ ಚೀಲ ತೆಗೆದುಕೊಂಡು ಬಸ್ಸು ಹತ್ತಿದಳು. ಬಸ್ಸು ಮರೆಯಾಯಿತು. ಹತಾಶರಾಗಿ ಮೇಷ್ಟ್ರು ಕೊನೆಯ ಸಲ ತಿರುವಿದರೆ, ಗಾಡಿ ಹುಚ್ಚು ಕುದುರೆಯ ಹಾಗೆ ಚಿಮ್ಮಿತು!

ಶುಕ್ರವಾರವೂ ಹೀಗೇ. ಶನಿವಾರವೂ ಹೀಗೇ. ಸಂಜೆ ಒಬ್ಬರೇ ಓಡಿಸಿದರೆ ಬಾಣ, ಬೆಳಿಗ್ಗೆ ಹೆಂಡತಿ ಎದುರಿಗೆ ಹೆಣ! ಭಾನುವಾರ ಆಕೆ ಪೇಟೆಗೆಂದು ಹೊರಟವಳು "ತೋರಿಸಿ ನೋಡೋಣ, ಇವತ್ತಾದ್ರೂ ಚಪ್ಪಾಳೆ ತಟ್ತೀನಿ" ಎಂದು, ಚಪ್ಪಾಳೆಗೆ ಕೈ ಬಿಡುವು ಮಾಡಿಕೊಳ್ಳಲು ಚೀಲವನ್ನು ಸೈಕಲ್ಲಿಗೆ ಸಿಕ್ಕಿಸಿ ನಿಂತಳು. ಚಪ್ಪಾಳೆ ತಟ್ಟುವ ಪ್ರಮೇಯವೇ ಬರಲಿಲ್ಲ.

ಮೇಷ್ಟ್ರು ವೈರುಗಳನ್ನು ಬಿಚ್ಚಿದರು, ಬೆಸೆದರು, ಉಜ್ಜಿದರು. ಕಂಟ್ರೋಲರಿನ ಡಬ್ಬಿಯನ್ನು ನಾಲ್ಕು ಸಲ ತೆರೆದರು, ಐದು ಸಲ ಮುಚ್ಚಿದರು. ಪ್ರತಿ ಸಲ ಮುಚ್ಚಿದಾಗಲೂ ಒಂದು ಸ್ಕ್ರೂ ಮಿಕ್ಕುತ್ತಿತ್ತು. ಕೊನೆಗೆ ಮಾನ ಬಿಟ್ಟು ಸೈಕಲ್ ಶಾಪಿಗೆ ಒಯ್ದರು. ಅಲ್ಲಿ ಅದು ಒಳ್ಳೆಯ ಮನೆತನದ ಮಗುವಿನ ಹಾಗೆ ನಡೆದುಕೊಂಡಿತು. ಶಾಪಿನವನು ಬೀದಿಯಲ್ಲಿ ಎರಡು ಸುತ್ತು ಹೊಡೆದು ಬಂದ.

"ಸಾರ್, ಗಾಡಿಗೆ ಏನೂ ರೋಗ ಇಲ್ಲ."

"ಮನೆ ಹತ್ರ ನಿಂತು ಹೋಗುತ್ತಪ್ಪಾ!"

"ಹಾಗಾದ್ರೆ ರಿಪೇರಿ ಆಗಬೇಕಿರೋದು ಮನೆ" ಎಂದು ಅವನು ಪಂಕ್ಚರಿನ ಕಡೆ ತಿರುಗಿದ.

ತಮಾಷೆಗೆ ಆಡಿದ ಆ ಮಾತು ಮೇಷ್ಟ್ರ ತಲೆಯಲ್ಲಿ ಹುಳದ ಹಾಗೆ ಹೊಕ್ಕಿತು. ಅವರಲ್ಲಿದ್ದ ವಿಜ್ಞಾನಿ ಎಚ್ಚರಗೊಂಡ. ಒಂದು ನೋಟ್‌ಬುಕ್ ತೆಗೆದು ಅಂಕಣ ಎಳೆದರು. ತಾರೀಕು, ಗಾಳಿ, ಬ್ಯಾಟರಿ, ರಸ್ತೆ, ಫಲಿತಾಂಶ. ಎಲ್ಲ ತುಂಬಿದ ಮೇಲೆ ನೋಡುತ್ತಾರೆ, ಗಾಳಿಗೂ ಫಲಿತಾಂಶಕ್ಕೂ ತಾಳೆಯಿಲ್ಲ, ಬ್ಯಾಟರಿಗೂ ಇಲ್ಲ, ರಸ್ತೆಗೂ ಇಲ್ಲ. ಆಗ ಇನ್ನೊಂದು ಅಂಕಣ ಎಳೆದು, ಮೇಲೆ ತಲೆಬರಹ ಕೊಟ್ಟರು: 'ಹೆಂಡತಿ.' ಕೆಳಗೆ ತುಂಬುತ್ತಾ ಹೋದರು. ಇದ್ದಳು, ಗಾಡಿ ಸತ್ತಿತು. ಇರಲಿಲ್ಲ, ಗಾಡಿ ಓಡಿತು. ಇದ್ದಳು, ಸತ್ತಿತು. ಇರಲಿಲ್ಲ, ಓಡಿತು. ಹತ್ತಕ್ಕೆ ಹತ್ತೂ ತಾಳೆ!

ಒಂದು ಸಲ ಮಾತ್ರ ಆಕೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಾಗಲೂ ಗಾಡಿ ಓಡಿತ್ತು. ಅದಕ್ಕೂ ಮೇಷ್ಟ್ರ ಬಳಿ ಉತ್ತರ ಸಿದ್ಧವಿತ್ತು. 'ದೂರ ಹೆಚ್ಚಾದಂತೆ ಪತ್ನಿಯ ಪ್ರಭಾವ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ' ಎಂದು ಅಡಿಗೆರೆ ಹಾಕಿ ಬರೆದರು. ಬರೆದು, ಅದರ ಸೊಗಸಿಗೆ ತಾವೇ ತಲೆದೂಗಿದರು.

ಆದರೆ ಕಾರಣ? ಒಂಬತ್ತು ವರ್ಷ ಆ ರಾಕ್ಷಸ ಅಯಸ್ಕಾಂತದ ನೆರೆಯಲ್ಲಿ ಕೂತು ಕೂತು ಹೆಂಡತಿಯ ಮೈಗೇ ಕಾಂತಶಕ್ತಿ ಹತ್ತಿಬಿಟ್ಟಿದೆಯೇ? ಪರೀಕ್ಷಿಸಿಯೇ ಬಿಡೋಣವೆಂದು ಶಾಲೆಯ ಲ್ಯಾಬಿನಿಂದ ದಿಕ್ಸೂಚಿ ತಂದರು. ಹೆಂಡತಿ ಕೆಲಸದಿಂದ ಬಂದು, ಸೋಫಾದಲ್ಲಿ ಕೂತು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಊಟದ ಡಬ್ಬಿ ತೆಗೆಯುತ್ತಿದ್ದಳು. ಮೇಷ್ಟ್ರು ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿನಿಂದ ಬಂದು ಆಕೆಯ ಮೊಣಕೈ ಬಳಿ ದಿಕ್ಸೂಚಿ ಹಿಡಿದರು. ಮುಳ್ಳು ಗರಗರ ತಿರುಗಿ ನೇರವಾಗಿ ಹೆಂಡತಿಯ ಕಡೆ ಬೆರಳು ಮಾಡಿ ನಿಂತಿತು!

"ಏನ್ರೀ ಅದು?"

"ಏ... ಏನಿಲ್ಲ. ದಿಕ್ಕು ನೋಡ್ತಿದ್ದೆ."

"ಅಡುಗೆಮನೆ ಆ ಕಡೆ ಇದೆ. ಹೋಗಿ ಪಾತ್ರೆ ತೊಳೀರಿ."

ಪಾತ್ರೆ ತೊಳೆಯುತ್ತಾ ಮೇಷ್ಟ್ರು ನಿಟ್ಟುಸಿರಿಟ್ಟರು. ಹದಿನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿ ಒಂದು ಅಯಸ್ಕಾಂತ! ಇದನ್ನು ಆಕೆಗೆ ಯಾವ ಬಾಯಿಂದ ಹೇಳುವುದು?

ಹೇಳಲಿಲ್ಲ. ಆಮೇಲಿನ ದಿನಗಳಲ್ಲಿ ಶಾಲೆಗೆ ಬೇಗ ಹೋಗಬೇಕೆಂದು ಸುಳ್ಳು ಹೇಳಿ, ಆಕೆಗಿಂತ ಮುಂಚೆ ಮನೆ ಬಿಟ್ಟು, ಗಾಡಿಯನ್ನು ಗುಡ್ಡದ ಮೊದಲ ತಿರುವಿನವರೆಗೆ ಹತ್ತಿಸಿ ಇಳಿಸಿ ಅಭ್ಯಾಸ ಮಾಡಿದರು. ಒಮ್ಮೆಯೂ ಕೈಕೊಡಲಿಲ್ಲ. ಸಿದ್ಧಾಂತ ಸ್ಥಾಪಿತವಾಯಿತು.

ಇಪ್ಪತ್ತೆರಡನೇ ದಿನ ಬಂದೇಬಿಟ್ಟಿತು. ಹೆಂಡತಿ ಬೆಳಿಗ್ಗೆ ಎದ್ದು ಮೇಷ್ಟ್ರ ಬಿಳಿ ಅಂಗಿಗೆ ಇಸ್ತ್ರಿ ಹಾಕಿದ್ದಳು.

"ನಾನೂ ಬರ್ತೀನಿ ರೀ. ಇವತ್ತು ರಜ ಹಾಕಿದ್ದೀನಿ."

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ನೀನಾ? ಯಾಕೆ ಸುಮ್ನೆ... ಬಿಸಿಲು ಬೇರೆ."

"ಮೋಡ ಮುಚ್ಚಿದೆ."

"ಮೋಡ ಇದ್ರೆ ಮಳೆ ಬರಬಹುದಲ್ಲ."

"ಛತ್ರಿ ಇದೆ."

"ಜನ ಜಾಸ್ತಿ ಇರ್ತಾರೆ ಕಣೇ."

"ನಾನೊಬ್ಬಳು ಬಂದ್ರೆ ಜಾಸ್ತಿ ಆಗ್ತೀನಾ?"

ಮೇಷ್ಟ್ರು ನೆಲ ನೋಡಿದರು. "ಹಾಗಲ್ಲ. ಇವತ್ತೊಂದು ದಿನ... ನೀನು ಹತ್ತಿರ ಇರದಿದ್ರೆ ಒಳ್ಳೇದು."

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟಳು. ಎರಡೂವರೆ ವಾರ ಊಟದ ಮೇಜು ಬಿಟ್ಟುಕೊಟ್ಟು, ನೆಲದ ಮೇಲೆ ಕೂತು ಉಂಡವಳು ಅವಳು. ಹೊದಿಕೆ ಎರಡು ಸಲ ಒಗೆದವಳು ಅವಳು. ಅವಳ ಮುಖ ಸಣ್ಣದಾದದ್ದು ಮೇಷ್ಟ್ರಿಗೆ ಕಾಣದೆ ಹೋಗಲಿಲ್ಲ, ಒಳಗೆ ಚುರುಕ್ಕೆಂದಿತು ಕೂಡ. ಆದರೆ ಚಡ್ಡಿ ಹಾಕಿಕೊಂಡು ಮಕ್ಕಳ ಸಾಲಿನಲ್ಲಿ ನಿಲ್ಲುವ ಚಿತ್ರ ಕಣ್ಣಮುಂದೆ ಬಂದು, ಮನಸ್ಸು ಕಲ್ಲು ಮಾಡಿಕೊಂಡರು.

"ಆಯ್ತು, ಬರಲ್ಲ" ಎಂದು ಆಕೆ ಒಳಗೆ ಹೋಗಿ ತನ್ನ ಕೆಂಪು ಚೀಲ ತಂದು ಕೈಗಿಟ್ಟಳು. "ನಿಮ್ಮ ಚೀಲದ ಪಟ್ಟಿ ಕತ್ತರಿಸಿದ್ದೀರಲ್ಲ. ಊಟ ಇದರಲ್ಲಿ ಹಾಕಿದ್ದೀನಿ. ನನಗೆ ಇವತ್ತು ಬೇಕಾಗಿಲ್ಲ." ಬಾಗಿಲಿನವರೆಗೂ ಬರಲಿಲ್ಲ.

ಮೇಷ್ಟ್ರು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಗಾಡಿ ಹೂವಿನ ಮೇಲೆ ಹೋದಂತೆ ಹೋಯಿತು. ಗುಡ್ಡದ ಬುಡದಲ್ಲಿ ನಿಂತು ಕಾದರು. ಹತ್ತು ಗಂಟೆಗೆ ಮೇಲಿನಿಂದ ಡ್ರಿಲ್ ಮೇಷ್ಟ್ರ ಪೀಪಿ ಕೇಳಿಸಿದ್ದೇ ಎಕ್ಸಲೇಟರ್ ತಿರುವಿದರು. ಮೊದಲ ತಿರುವು ಶರಣಾಯಿತು. ಎರಡನೇ ತಿರುವು, ಆರು ವರ್ಷ ಅವರನ್ನು ಕೆಳಗಿಳಿಸಿದ ಆ ಪಾಪಿ ತಿರುವು, ತಲೆಬಾಗಿತು! ಮೂರನೆಯದನ್ನು ದಾಟಿದರೆ ನೇರ ಏರು, ಅದರ ತುದಿಯಲ್ಲಿ ಶಾಲೆಯ ಗೇಟು, ಗೇಟಿಗೆ ನೀಲಿ ರಿಬ್ಬನ್, ಎರಡೂ ಬದಿ ಮಕ್ಕಳ ಸಾಲು.

ಆಗ ಮೇಷ್ಟ್ರಿಗೆ ತಮ್ಮ ಭಂಗಿಯ ನೆನಪಾಯಿತು. ಗುಡ್ಡ ಗೆದ್ದ ವೀರನ ಹೆಗಲಲ್ಲಿ ಕೆಂಪು ಊಟದ ಚೀಲ! ಫೋಟೋ ಬೇರೆ ತೆಗೆಯುತ್ತಾರೆ! ಸರಕ್ಕನೆ ಚೀಲವನ್ನು ಹೆಗಲಿನಿಂದ ಜಾರಿಸಿ ಎಡಗಡೆಯ ಬ್ರೇಕಿನ ಬಳಿ ಸಿಕ್ಕಿಸಿ, ಎದೆ ಸೆಟೆಸಿದರು.

ಗಾಡಿ ಸತ್ತಿತು.

ತಿರುವಿದರು, ಮತ್ತೆ ತಿರುವಿದರು. ಪೆಡಲು ತುಳಿಯೋಣವೆಂದರೆ ಬ್ಯಾಟರಿ, ಮೋಟಾರು ಸೇರಿ ಗಾಡಿ ಎರಡು ಮೂಟೆಯ ಭಾರ. ಗಾಡಿ ಒಲೆದಾಡಿತು, ಹಿಂದಕ್ಕೆ ಜಾರತೊಡಗಿತು. ಮೇಷ್ಟ್ರ ಎಡಗಾಲು ನಿಧಾನವಾಗಿ, ಇಡೀ ಶಾಲೆ ನೋಡುತ್ತಿರುವಂತೆ, ನೆಲಕ್ಕೆ ಊರಿತು. ಮೇಲಿನಿಂದ ಡ್ರಿಲ್ ಮೇಷ್ಟ್ರ ಪೀಪಿ ಒಮ್ಮೆ ಉದ್ದಕ್ಕೆ ಕೂಗಿತು.

ಮೇಷ್ಟ್ರು ಇಳಿದು, ಗಾಡಿಯ ಪಕ್ಕದಲ್ಲಿ ನಿಂತು, ಬೆವರು ಒರೆಸಿಕೊಂಡರು. ಇದು ಹೇಗೆ ಸಾಧ್ಯ? ಹೆಂಡತಿ ಮನೆಯಲ್ಲಿದ್ದಾಳೆ! ಸಂಶಯದಿಂದ ಹಿಂದೆ ತಿರುಗಿ ನೋಡಿದರು. ಕೆಳಗೆ, ಎರಡನೇ ತಿರುವಿನಲ್ಲಿ, ಹೆಂಡತಿ ದಾಪುಗಾಲು ಹಾಕುತ್ತಾ ಹತ್ತಿ ಬರುತ್ತಿದ್ದಳು!

"ಇನ್ನೂರು ಮೀಟರ್ ದೂರದಿಂದಲೇ!" ಎಂದು ಮೇಷ್ಟ್ರು ಉದ್ಗರಿಸಿದರು. ಅವಮಾನದ ನಡುವೆಯೂ ಸಿದ್ಧಾಂತ ಉಳಿಯಿತಲ್ಲ ಎಂದು ಸಣ್ಣ ಸಮಾಧಾನವಾಯಿತು. ಆ ಸಮಾಧಾನ ಆಕೆಯ ಕೈಯಲ್ಲಿದ್ದದ್ದು ಕಾಣುವವರೆಗೆ ಮಾತ್ರ. ಆಕೆಯ ಕೈಯಲ್ಲಿದ್ದದ್ದು ನೋಟ್‌ಬುಕ್ಕು. ಬೆಳಗಿನ ಗಡಿಬಿಡಿಯಲ್ಲಿ ಅದು ಊಟದ ಮೇಜಿನ ಮೇಲೇ ಉಳಿದಿತ್ತು.

ಆಕೆ ಬಂದು ನಿಂತು, ಉಸಿರು ತಂದುಕೊಂಡು, ಪುಟ ತೆರೆದು ಓದಿದಳು. "ಪ್ರಯೋಗ ಏಳು. ಗಾಳಿ ಇಲ್ಲ. ಬ್ಯಾಟರಿ ತುಂಬಿದೆ. ಹೆಂಡತಿ ಇದ್ದಳು. ಗಾಡಿ ಸತ್ತಿತು. ಏನ್ರೀ ಇದು?"

"ಅದು... ವಿಜ್ಞಾನ ಕಣೇ."

"ನಾನೇನು ಗ್ರಹಣಾನಾ? ನಾನು ಬಂದ್ರೆ ಗಾಡಿ ಸಾಯೋಕೆ?"

"ಮೆಲ್ಲಗೆ ಮಾತಾಡು, ಮಕ್ಕಳು ನೋಡ್ತಿದ್ದಾರೆ."

"ನೋಡಲಿ! ಹದಿನಾಲ್ಕು ವರ್ಷ ಜೊತೇಲಿದ್ದೀನಿ. ನನ್ನನ್ನ ಗಾಳಿ, ಬ್ಯಾಟರಿ ಜೊತೆ ಒಂದು ಅಂಕಣ ಮಾಡಿದ್ದೀರಲ್ಲ! ಒಂದು ಮಾತು ನನ್ನನ್ನ ಕೇಳಬಾರದಿತ್ತಾ?" ಆಕೆಯ ದನಿ ಒಡೆಯಿತು. ಡ್ರಿಲ್ಲು, ಚಡ್ಡಿ, ರಿಬ್ಬನ್ ಎಲ್ಲ ಮರೆತುಹೋಗಿ, ಮೊದಲ ಸಲ ಮೇಷ್ಟ್ರಿಗೆ ನಿಜವಾಗಿ ನಾಚಿಕೆಯಾಯಿತು. ಏನು ಮಾಡಲೂ ತೋಚದೆ, ಬಲಗೈಯಿಂದ ಎಕ್ಸಲೇಟರನ್ನು ಪೂರ್ತಿ ತಿರುವಿ ಹಿಡಿದು ನಿಂತರು.

ಹೆಂಡತಿ ಕಣ್ಣು ಒರೆಸಿಕೊಂಡು ಗಾಡಿಯನ್ನು ನೋಡಿದಳು. "ಆ ಕೆಂಪು ದೀಪ ಯಾಕೆ ಉರೀತಿದೆ?"

"ಕರೆಂಟು ಬರ್ತಿದೆ ಅಂತ."

"ಈಗ ಕೆಳಗಿಂದ ಓಡಿಸ್ಕೊಂಡು ಬಂದ್ರಲ್ಲ, ಆಗ ಉರೀತಿತ್ತಾ?"

ಮೇಷ್ಟ್ರು ಯೋಚಿಸಿದರು. ಇಲ್ಲ. ಗಾಡಿ ಓಡುವಾಗ ಒಮ್ಮೆಯೂ ಉರಿದಿದ್ದಿಲ್ಲ. ಬ್ರೇಕ್ ಹಿಡಿದಾಗ ಮಾತ್ರ...

ಆ ಕ್ಷಣದಲ್ಲಿ ಹೆಂಡತಿಯ ದನಿ ಬದಲಾಯಿತು. ಅಳು ಹೋಗಿ, ಸ್ಕ್ಯಾನ್ ರೂಮಿನ ಬಾಗಿಲಲ್ಲಿ ನಿಂತ ಟೆಕ್ನಿಶಿಯನ್ನಿನ ದನಿ ಬಂತು. "ಗಾಡಿ ಮೇಲೆ ಲೋಹ, ಮ್ಯಾಗ್ನೆಟ್ ಏನಾದ್ರೂ ಇದೆಯಾ?"

"ಮ್ಯಾಗ್ನೆಟ್ಟಾ! ಇಲ್ಲೆಲ್ಲಿಂದ ಬರುತ್ತೆ? ನಿನಗೆ ಇದೆಲ್ಲ ಗೊತ್ತಾಗಲ್ಲ, ಇದು..."

ಆಕೆಯ ಕಣ್ಣು ಬ್ರೇಕ್ ಹಿಡಿಗೆ ಒರಗಿ ನೇತಾಡುತ್ತಿದ್ದ ಕೆಂಪು ಚೀಲದ ಮೇಲೆ ನಿಂತಿತ್ತು. "ಈ ಚೀಲ ಕೊಡಿಸುವಾಗ ಅಂಗಡೀಲಿ ಏನಂದಿದ್ರಿ, ನೆನಪಿದೆಯಾ?"

ಮೇಷ್ಟ್ರಿಗೆ ನೆನಪಾಯಿತು. ಅಂಗಡಿಯವನನ್ನೂ ನಿಲ್ಲಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದ್ದರು. 'ಜಿಪ್ ಇಲ್ಲ, ಗುಂಡಿ ಇಲ್ಲ, ಮುಚ್ಚಳದೊಳಗೆ ಏನಿದೆ ಹೇಳಿ? ಅಯಸ್ಕಾಂತ!' ಬಾಯಿ ತೆರೆದರು. ಮಾತು ಹೊರಡುವ ಮೊದಲೇ ಹೆಂಡತಿ ಚೀಲವನ್ನು ಎತ್ತಿದಳು.

ದೀಪ ಆರಿತು. ಎಕ್ಸಲೇಟರು ಪೂರ್ತಿ ತಿರುವಿಯೇ ಇತ್ತಲ್ಲ! ಗಾಡಿ ಹೂಂಕರಿಸಿ ಗುಡ್ಡಕ್ಕೆ ನೆಗೆಯಿತು. ಹಿಡಿದ ಕೈ ಬಿಡಲು ಮೇಷ್ಟ್ರಿಗೆ ಭಯ. ಭಯಕ್ಕೆ ಹಿಡಿತ ಇನ್ನೂ ಬಿಗಿಯಾಯಿತು, ಹಿಡಿತಕ್ಕೆ ವೇಗ ಇನ್ನೂ ಹೆಚ್ಚಿತು! ಸವಾರನಿಲ್ಲದ ಸೈಕಲ್ಲು, ಅದರ ಪಕ್ಕದಲ್ಲಿ ಅಂಗಿ ಹಾರಿಸಿಕೊಂಡು ಓಡುತ್ತಿರುವ ಮೇಷ್ಟ್ರು! ಒಂದು ಶೂ ದಾರಿಯಲ್ಲೇ ಉಳಿಯಿತು. ಮಕ್ಕಳ ಕೇಕೆ ಮುಗಿಲು ಮುಟ್ಟಿತು. ನೀಲಿ ರಿಬ್ಬನ್ ಸೈಕಲ್ಲಿನ ಚಕ್ರಕ್ಕಲ್ಲ, ಮೇಷ್ಟ್ರ ಕುತ್ತಿಗೆಗೆ ಸಿಕ್ಕಿ ಹರಿಯಿತು.

"ಬ್ರೇಕ್ ಹಿಡೀರಿ! ರೀ, ಬ್ರೇಕು!" ಎಂದು ಕೆಳಗಿನಿಂದ ಹೆಂಡತಿ ಕೂಗಿದಳು.

ಹಿಡಿದರು. ಕೆಂಪು ದೀಪ ಉರಿಯಿತು. ಗಾಡಿ ನಿಂತಿತು, ಹೆಡ್‌ಮೇಡಂ ಕಾಲಿನಿಂದ ಒಂದು ಗೇಣು ದೂರದಲ್ಲಿ.

"ಉದ್ಘಾಟನೆ ಆಯಿತು ಅಂತ ಕಾಣುತ್ತೆ" ಎಂದರು ಹೆಡ್‌ಮೇಡಂ, ಕನ್ನಡಕ ಸರಿಪಡಿಸಿಕೊಳ್ಳುತ್ತಾ.

ಡ್ರಿಲ್ ಮೇಷ್ಟ್ರು ಗಡಿಯಾರ ನೋಡಿ ಡೈರಿಯಲ್ಲಿ ಬರೆದುಕೊಂಡ. "ನೂರು ಮೀಟರ್ ಏರು ಓಟ, ಶಾಲೆಯ ಹೊಸ ದಾಖಲೆ! ಸಾರ್, ನೀವು ಡ್ರಿಲ್ಲಿಗೆ ಬರೋದು ಬೇಡ. ಸೀದಾ ಓಟದ ಟೀಮಿಗೇ ಸೇರಿಸ್ಕೊತೀನಿ!"

ನಡೆದದ್ದೇನೆಂದು ಮಕ್ಕಳು ಮುತ್ತಿಕೊಂಡು ಕೇಳಿದರು. ಮೇಷ್ಟ್ರು ಹೆಂಡತಿಯ ಕಡೆ ಕೈ ತೋರಿಸಿದರು. ಆಕೆ ಗೇಟಿನ ಬಳಿಯೇ ನಿಂತು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೇಷ್ಟ್ರ ಶೂ ಹಿಡಿದುಕೊಂಡು, ಐದು ನಿಮಿಷದಲ್ಲಿ ವಿವರಿಸಿದಳು. ಚೀಲ ಹತ್ತಿರ ತಂದಳು, ದೀಪ ಉರಿಯಿತು. ದೂರ ಒಯ್ದಳು, ಆರಿತು. ಮಕ್ಕಳು ಆ ದಿನ ಬೇರೆ ಯಾವ ಮಾದರಿಯನ್ನೂ ನೋಡಲಿಲ್ಲ. ಹದಿನೆಂಟು ವರ್ಷದಿಂದ ಅದೇ ಪಾಠ ಮಾಡುತ್ತಿದ್ದ ಮೇಷ್ಟ್ರ ತರಗತಿಯಲ್ಲಿ ಒಬ್ಬರೂ ಅಷ್ಟು ಗಮನ ಕೊಟ್ಟು ಕೇಳಿದ್ದಿಲ್ಲ.

ಸಂಜೆ ಮನೆಗೆ ಬಂದಾಗ ಊಟದ ಮೇಜು ಕುಂಟುತ್ತಿತ್ತು. ಕಾಲಿನ ಕೆಳಗಿದ್ದ ಕೈಪಿಡಿಯನ್ನು ಹೆಂಡತಿ ಹೊರತೆಗೆದು, ನಾಲ್ಕನೇ ಪುಟ ತೆರೆದು ಇಟ್ಟಿದ್ದಳು. 'ಬ್ರೇಕ್ ಹಿಡಿಯ ಬಳಿ ಅಯಸ್ಕಾಂತವಿರುವ ವಸ್ತುಗಳನ್ನು ಇಡಬೇಡಿ.' ಪಕ್ಕದಲ್ಲೇ ಮೇಷ್ಟ್ರ ನೋಟ್‌ಬುಕ್ಕು.

"ತಪ್ಪಾಯ್ತು ಕಣೇ" ಎಂದರು ಮೇಷ್ಟ್ರು, ನಿಂತ ನಿಲುವಿನಲ್ಲೇ. "ನಿನ್ನನ್ನ ಕೇಳಬೇಕಿತ್ತು. ಕೇಳದೆ ಬರೆದೆ."

"ಬರೆದಿದ್ದರಲ್ಲಿ ತಪ್ಪೇನಿಲ್ಲ. ಒಂದು ಅಂಕಣ ಬಿಟ್ಟುಹೋಗಿತ್ತು, ಅಷ್ಟೇ. ತುಂಬಿಸಿದ್ದೀನಿ, ನೋಡಿ."

ಮೇಷ್ಟ್ರು ಕೂತು ಪುಟ ತೆರೆದರು. ಇವತ್ತಿನದೂ ಸೇರಿ, ಗಾಡಿ ಸತ್ತ ಪ್ರಯೋಗಗಳ ಸಾಲುಗಳನ್ನಷ್ಟೇ ಹೆಂಡತಿ ಹೊಸ ಪುಟಕ್ಕೆ ಎತ್ತಿ ಬರೆದಿದ್ದಳು. 'ಹೆಂಡತಿ' ಅಂಕಣದ ಪಕ್ಕದಲ್ಲಿ, ಅಡ್ಡಪಟ್ಟಿ ಇಟ್ಟು ಅಚ್ಚುಕಟ್ಟಾಗಿ ಎಳೆದ ಇನ್ನೊಂದು ಅಂಕಣ. ತಲೆಬರಹ: 'ಗಂಡನ ತಲೆ.' ಅದರ ಕೆಳಗೆ, ಒಂದೂ ಸಾಲು ಬಿಡದೆ, ದುಂಡಗಿನ ಅಕ್ಷರದಲ್ಲಿ, 'ಇರಲಿಲ್ಲ', 'ಇರಲಿಲ್ಲ', 'ಇರಲಿಲ್ಲ'.

ಮೇಷ್ಟ್ರು ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದರು. ಮೇಲಿನಿಂದ ಕೆಳಗಿನವರೆಗೆ ಎರಡು ಸಲ ತಿದ್ದಲು ನೋಡಿದರು. ಎಲ್ಲೂ ತಪ್ಪು ಸಿಗಲಿಲ್ಲ. ಕೆಳಗೆ ಒಂದು ಸರಿ ಗುರುತು ಹಾಕಿ, ಹತ್ತಕ್ಕೆ ಹತ್ತು ಕೊಟ್ಟು, ಸಹಿ ಮಾಡಿದರು.